ಗ್ಯಾಲರಿಯ ಕೆಳಗಿನ ಓಬಳಪ್ಪ

ಓಕಳಿಪುರಂನ ಓಬಳಪ್ಪನನ್ನು ಚಾಮರಾಜಪೇಟೆಯ ಮಿತ್ರವೃಂದ ಬಾಸ್ಕೆಟ್‌ಬಾಲ್ ಕ್ಲಬ್ಬಿನಲ್ಲಿ ಅರಿಯದವರಿರಲಿಲ್ಲ. ಆದರೆ ಪಂದ್ಯ ನಡೆಯುವಾಗ ಅವನನ್ನು ಕಂಡವರೂ ಇರಲಿಲ್ಲ. ಆಟ ಶುರುವಾಗುವ ಸೀಟಿ ಊದಿದ ಕೂಡಲೇ ಅವನು ತಾನೇ ಕಟ್ಟಿದ ಗ್ಯಾಲರಿಯ ಕೆಳಗೆ ನುಸುಳಿಬಿಡುತ್ತಿದ್ದ. ಕಡೆಯ ಸೀಟಿಯಾಗಿ, ಕಡೆಯ ಪ್ರೇಕ್ಷಕ ಇಳಿದು ಚಪ್ಪಲಿ ಹುಡುಕಿಕೊಂಡು ಹೊರಟ ಮೇಲೆ ಮೈಯ ಧೂಳು ಕೊಡವುತ್ತಾ ಈಚೆ ಬರುತ್ತಿದ್ದ. ಒಂಬತ್ತು ವರ್ಷ ಹೀಗೇ ನಡೆಯಿತು. ಒಂಬತ್ತು ವರ್ಷ ಬಾಸ್ಕೆಟ್‌ಬಾಲಿನ ಹೊಟ್ಟೆಯೊಳಗೇ ಇದ್ದು, ಒಂದೇ ಒಂದು ಬಾಲು ರಿಂಗಿನೊಳಗೆ ಬಿದ್ದದ್ದನ್ನು ಕಣ್ಣಾರೆ ಕಾಣದ ಮನುಷ್ಯ ಈ ಊರಿನಲ್ಲಿ ಇನ್ನೊಬ್ಬನಿರಲಾರ.

ಅವನ ಕಸುಬು ಸಾರವೆ ಕಟ್ಟುವುದು. ಮನೆ ಏಳುವಾಗ ಗಾರೆಯವರು ನಿಂತು ಕೆಲಸ ಮಾಡಲು ಸರ್ವೆ ಮರದ ಕಂಬಗಳನ್ನು ತೆಂಗಿನ ನಾರಿನ ಹಗ್ಗದಿಂದ ಬಿಗಿದು, ಮೇಲೆ ಹಲಗೆ ಹಾಸುತ್ತಾರಲ್ಲ, ಅದು. ಕ್ಲಬ್ಬಿನ ಕಾರ್ಯದರ್ಶಿ ಬದರೀನಾರಾಯಣ ಮೇಷ್ಟ್ರು ಬಸವನಗುಡಿಯ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದರು. ಸಾವಿರದ ಒಂಬೈನೂರ ಎಪ್ಪತ್ತರಲ್ಲಿ ಅವರು ತ್ಯಾಗರಾಜನಗರದಲ್ಲಿ ಮನೆ ಕಟ್ಟಿಸುವಾಗ ಓಬಳಪ್ಪ ಅವರ ಕಣ್ಣಿಗೆ ಬಿದ್ದ. ಗಟ್ಟಿಯಾಗಿ ಕಟ್ಟಿ ಮುಗಿಸಿದ್ದ ಗಂಟೊಂದನ್ನು ಅವನು ಬಿಚ್ಚಿ ಮತ್ತೆ ಕಟ್ಟುತ್ತಿದ್ದ. ಮೇಷ್ಟ್ರು ಎಲ್ಲರನ್ನೂ ನೀವು ಎಂದೇ ಕರೆಯುವವರು.

"ಗಂಟು ಸರಿಯಾಗೇ ಇತ್ತಲ್ಲ ಓಬಳಪ್ಪ, ಯಾಕೆ ಬಿಚ್ಚಿದ್ರಿ?"

"ಸರಿಯಾಗೇ ಇತ್ತು ಸ್ವಾಮಿ. ಅದರ ಮೇಲೆ ನಿಲ್ಲೋನು ನಾನಲ್ವಲ್ಲ, ಅದಕ್ಕೆ."

ಆ ಮಾತು ಮೇಷ್ಟ್ರ ಮನಸ್ಸಿನಲ್ಲಿ ಕೂತುಬಿಟ್ಟಿತು. ಆ ವರ್ಷ ಕ್ಲಬ್ಬಿನ ಟೂರ್ನಮೆಂಟಿಗೆ ಗ್ಯಾಲರಿ ಕಟ್ಟುವ ಕೆಲಸವನ್ನು ಅವರು ಬೇರೆ ಯಾರಿಗೂ ಕೊಡಲಿಲ್ಲ.

ಕ್ಲಬ್ಬಿನ ಅಂಗಳ ಎಷ್ಟಗಲವೆಂದರೆ, ಇಷ್ಟೇ ಇಷ್ಟು. ಒಂದು ಕಡೆ ಛತ್ರದ ಗೋಡೆ, ಇನ್ನೊಂದು ಕಡೆ ಹೊಂಗೆಮರಗಳ ಸಾಲು, ನಡುವೆ ಸಿಮೆಂಟಿನ ಕೋರ್ಟು, ನಾಲ್ಕು ಮೂಲೆಗೆ ದೀಪದ ಕಂಬ. ಕೋರ್ಟಿನ ಗೆರೆಗೂ ಗೋಡೆಗೂ ನಡುವೆ ಹದಿನೈದು ಅಡಿ ಜಾಗ. ಆ ಹದಿನೈದು ಅಡಿಯಲ್ಲಿ ಓಬಳಪ್ಪ ಏಳು ಸಾಲು ಎಬ್ಬಿಸುತ್ತಿದ್ದ. ಎರಡೂ ಕಡೆ ಸೇರಿ ಎಂಟುನೂರು ಜನ ಕೂರಬಹುದಿತ್ತು. ಗೆರೆಯಾಚೆಯಿಂದ ಬಾಲು ಎಸೆಯಲು ಆಟಗಾರ ಬಂದರೆ ಮೊದಲ ಸಾಲಿನವರು ಮಂಡಿ ಮಡಚಿ ಅವನಿಗೆ ಜಾಗ ಮಾಡಿಕೊಡಬೇಕು, ಹೆಂಗಸರು ಸೆರಗು ಎಳೆದುಕೊಳ್ಳಬೇಕು. ಬ್ಯಾಂಕು, ರೈಲ್ವೆ, ಕಾರ್ಖಾನೆಗಳ ತಂಡದವರು ಬರುತ್ತಿದ್ದರು. ಆಟದಿಂದಲೇ ನೌಕರಿ ಸಿಕ್ಕಿ, ಆಟದಿಂದಲೇ ಅನ್ನ ತಿನ್ನುವವರು. ಆರೂವರೆ ಅಡಿಯ ಅಂಥ ಆಳು ಎದುರಿಗೇ ಏದುಸಿರು ಬಿಡುತ್ತಾ ನಿಂತಾಗ, "ನೀರು ಕುಡಿಯಪ್ಪಾ" ಎಂದು ಲೋಟ ಚಾಚಿದ ಅಜ್ಜಿಯರಿದ್ದರು. ಆಟ ನೋಡುವುದೆಂದರೆ ಹೀಗೆ ನೋಡಬೇಕು. ಮಿಕ್ಕದ್ದೆಲ್ಲ ನೋಡಿದೆವೆಂದು ಹೇಳಿಕೊಳ್ಳುವುದು.

ಗ್ಯಾಲರಿ ಕಟ್ಟುವುದರಲ್ಲಿ ಓಬಳಪ್ಪನಿಗೆ ಅವನದೇ ಶಾಸ್ತ್ರಗಳಿದ್ದವು. ಹಗ್ಗ ತೊಟ್ಟಿಯಲ್ಲಿ ಚೆನ್ನಾಗಿ ನೆನೆಯಬೇಕು. ನೆಂದ ಹಗ್ಗದಲ್ಲಿ ಕಟ್ಟಿದರೆ ಒಣಗುತ್ತಾ ಒಣಗುತ್ತಾ ಅದು ತಾನಾಗಿಯೇ ಕಂಬವನ್ನು ಕಚ್ಚಿಕೊಳ್ಳುತ್ತದೆ. ಕಟ್ಟಿ ಮುಗಿದ ಮೇಲೆ ಪ್ರತಿ ಹಲಗೆಯ ಮೇಲೂ ಗೇಣು ಗೇಣಿಗೆ ಸರಿದು ಕೂತು ನೋಡುತ್ತಿದ್ದ. ಕೂತಲ್ಲಿಂದ ಎದುರಿನ ಗೆರೆ ಕಾಣದಿದ್ದರೆ ಆ ಹಲಗೆ ಬಿಚ್ಚಿ ಎತ್ತರಿಸುತ್ತಿದ್ದ. "ಟಿಕೆಟ್ ತಗೊಂಡೋನು ಮುಂದಿನವನ ಬೋಳು ತಲೆ ನೋಡ್ಕೊಂಡು ಹೋಗ್ಬೇಕಾ?" ಎನ್ನುತ್ತಿದ್ದ. ಆಮೇಲೆ ಬರುತ್ತಿತ್ತು ಎಲ್ಲಕ್ಕಿಂತ ದೊಡ್ಡ ಶಾಸ್ತ್ರ. ಹೊರಗಿನ ಒಬ್ಬನೇ ಒಬ್ಬ ಗ್ಯಾಲರಿ ಹತ್ತುವ ಮುನ್ನ ಅವನ ಮನೆಯವರು ಹತ್ತಿ ಕೂರಬೇಕು. ತಾಯಿ ಅಂಜಮ್ಮ, ತಮ್ಮ ಲಕ್ಷ್ಮಯ್ಯನ ಸಂಸಾರ, ಹೆಂಡತಿ ಹನುಮಕ್ಕ, ಮಕ್ಕಳು, ನೆಂಟರು, ಒಟ್ಟು ಹದಿನಾಲ್ಕು ಮಂದಿ ಓಕಳಿಪುರಂನಿಂದ ನಡೆದು ಬರುತ್ತಿದ್ದರು. ಅವರನ್ನು ಏಳನೇ ಸಾಲಿನಲ್ಲಿ ಕೂರಿಸಿ, ತಾನು ಕೆಳಗೆ ಹೋಗಿ ಗಂಟುಗಳ ಮೇಲೆ ಕೈಯಿಟ್ಟು, "ಕುಣೀರಿ" ಎಂದು ಕೂಗುತ್ತಿದ್ದ. ಅವರು ಕುಣಿಯುತ್ತಿದ್ದರು. ಆಮೇಲೆ ಟಿಕೆಟ್ ಬಾಗಿಲು ತೆರೆಯುತ್ತಿದ್ದರು. ಆಟ ಮುಗಿಯುವವರೆಗೂ ಆ ಹದಿನಾಲ್ಕು ಮಂದಿ ಅಲ್ಲೇ ಕೂತು ನೋಡಬಹುದೆಂಬುದು ಕ್ಲಬ್ಬಿನ ಕಟ್ಟಳೆ.

ಹೀಗಾಗಿ ಆಟ ತಿಳಿದದ್ದು ಓಬಳಪ್ಪನಿಗಲ್ಲ, ಹನುಮಕ್ಕನಿಗೆ. ಅವಳು ಅವೆನ್ಯೂ ರಸ್ತೆಯ ಒಂದು ಬೈಂಡಿಂಗ್ ಅಂಗಡಿಯಲ್ಲಿ ನೋಟ್‌ಬುಕ್ ಹೊಲಿಯುತ್ತಿದ್ದಳು. ಟೂರ್ನಮೆಂಟಿನ ವಾರ ಮಾತ್ರ ಐದು ಗಂಟೆಗೆ ಸರಿಯಾಗಿ ದಾರ ಕತ್ತರಿಸಿ ಎದ್ದುಬಿಡುತ್ತಿದ್ದಳು, ಮಾಲೀಕ ಏನಾದರೂ ಅಂದುಕೊಳ್ಳಲಿ. ಯಾವ ಆಟಗಾರ ಎಡಗೈ, ಯಾರು ಫೌಲ್ ಮಾಡಿ ಮುಗ್ಧನ ಹಾಗೆ ನಿಲ್ಲುತ್ತಾನೆ, ಯಾರಿಗೆ ಕಡೆಯ ನಿಮಿಷದಲ್ಲಿ ಕೈ ನಡುಗುತ್ತದೆ, ಎಲ್ಲವೂ ಅವಳಿಗೆ ಬಾಯಿಪಾಠ. ಮನೆಗೆ ನಡೆಯುವ ದಾರಿಯಲ್ಲಿ ಅವಳು ಆಟ ಹೇಳುತ್ತಿದ್ದಳು, ಅವನು ಕೇಳುತ್ತಿದ್ದ. ಹಾಗೆಂದು ಅವನಿಗೆ ಏನೂ ತಿಳಿಯುತ್ತಿರಲಿಲ್ಲವೆಂದಲ್ಲ. ಗಂಟಿನ ಮೇಲೆ ಕೈಯಿಟ್ಟು ಕೂತವನಿಗೆ ಮೇಲಿನ ಕಾಲುಗಳು ಕಥೆ ಹೇಳುತ್ತಿದ್ದವು. ಬಾಲು ಬಿದ್ದರೆ ಹಲಗೆ ಒಮ್ಮೆ ಹಗುರಾಗಿ ಮತ್ತೆ ಒಟ್ಟಿಗೆ ಕುಸಿಯುತ್ತದೆ. ರೆಫರಿ ತಪ್ಪು ಮಾಡಿದರೆ ಹಿಮ್ಮಡಿಗಳು ಕುಟ್ಟುತ್ತವೆ. ಫ್ರೀ ಥ್ರೋ ಎಂದರೆ ಎಂಟುನೂರು ಜನರಲ್ಲಿ ಒಬ್ಬನೂ ಕಾಲು ಕದಲಿಸುವುದಿಲ್ಲ. ರೈಲು ಹಳಿಯ ಪಕ್ಕದ ಓಕಳಿಪುರಂನವರಿಗೆ ರೈಲ್ವೆ ತಂಡ ಸ್ವಂತದ್ದು, ಅವರೆಲ್ಲ ಎಡಗಡೆ ಕೂರುತ್ತಿದ್ದರು. ಎಡಗಡೆ ಹಲಗೆ ಕುಣಿದರೆ ರೈಲ್ವೆಯವರು ಮುಂದಿದ್ದಾರೆಂದೇ ಲೆಕ್ಕ. ಜನ ಹೀಗೆ ಎದ್ದು ಕುಣಿಯುವುದೆಂದರೆ ಮಾತ್ರ ಅವನಿಗೆ ಸಿಡುಕು. ಪ್ರತಿ ಪಂದ್ಯಕ್ಕೆ ಮುಂಚೆ ಎಲ್ಲರ ಮುಂದೆ ನಿಂತು, "ಕೂತ್ಕೊಂಡು ಕೂಗಿ, ಎದ್ದು ಕುಣೀಬೇಡಿ. ಹಲಗೆ ನಿಮ್ಮ ಮಾವನ ಮನೇದಲ್ಲ" ಎಂದು ಹೇಳಿಯೇ ಕೆಳಗೆ ಹೋಗುತ್ತಿದ್ದ. ಯಾರೂ ಅವನ ಮಾತು ಕೇಳುತ್ತಿರಲಿಲ್ಲ.

ಎಪ್ಪತ್ತೊಂಬತ್ತರಲ್ಲಿ ಕ್ಲಬ್ಬಿಗೆ ಇಪ್ಪತ್ತೈದು ತುಂಬಿತು, ಹೊಸ ಅಧ್ಯಕ್ಷರೂ ಬಂದರು. ಚಕ್ರಪಾಣಿಯವರು ಕಂಪನಿಯೊಂದರಲ್ಲಿ ದೊಡ್ಡ ಅಧಿಕಾರಿ. ಕೆಟ್ಟವರಲ್ಲ, ಜಿಪುಣರೂ ಅಲ್ಲ. ದೊಡ್ಡದಾಗಿದ್ದರೆ ಮಾತ್ರ ಒಳ್ಳೆಯದು ಎಂದುಕೊಳ್ಳುವ ಒಂದೇ ಒಂದು ದೋಷ ಅವರಲ್ಲಿತ್ತು. "ಎಂಟುನೂರು ಜನಕ್ಕೆ ಎಷ್ಟು ದಿನ ಅಂತ ಆಡಿಸೋದು ಮೇಷ್ಟ್ರೆ? ಇಪ್ಪತ್ತು ಸಾವಿರ ಜನ ಕೂರೋ ಜಾಗ ಊರಲ್ಲಿದೆ" ಎಂದರು. ಟೂರ್ನಮೆಂಟು ಫುಟ್‌ಬಾಲು, ಓಟಗಳು ನಡೆಯುವ ದೊಡ್ಡ ಕ್ರೀಡಾಂಗಣಕ್ಕೆ ಹೋಯಿತು. ಓಬಳಪ್ಪನಿಗೆ ಎರಡು ಪಾಸು ಬಂದವು. ಮೇಷ್ಟ್ರೇ ಓಕಳಿಪುರಂಗೆ ಹೋಗಿ ಅವನ್ನು ಕೊಟ್ಟು, ತಲೆ ತಗ್ಗಿಸಿಕೊಂಡು ಬಂದರು.

ಗಂಡಹೆಂಡಿರು ಜೊತೆಯಾಗಿ ಕೂತು ಆಟ ನೋಡಿದ್ದು ಅದೇ ಮೊದಲು. ಇಸ್ತ್ರಿ ಬಟ್ಟೆ ಹಾಕಿಕೊಂಡು ಹೋಗಿದ್ದರು. ಕಲ್ಲಿನ ಮೆಟ್ಟಿಲು ಹತ್ತಿ ಹತ್ತಿ ಹನುಮಕ್ಕನಿಗೆ ಏದುಸಿರು ಬಂತು. ಕೂತು ನೋಡಿದರೆ ಕೋರ್ಟು ಎಲ್ಲೋ ಮೈದಾನದ ನಟ್ಟನಡುವೆ, ಸುತ್ತ ಓಟದ ಹಾದಿ, ಹುಲ್ಲು, ಖಾಲಿ ಜಾಗ. ಮೂರೋ ನಾಲ್ಕೋ ಸಾವಿರ ಜನ ಬಂದಿದ್ದರು, ಕಡಿಮೆಯೇನಲ್ಲ. ಆದರೆ ಇಪ್ಪತ್ತು ಸಾವಿರದ ಜಾಗದಲ್ಲಿ ಅವರು ಅಲ್ಲೊಂದು ಇಲ್ಲೊಂದು ಕಡಲೆ ಚೆಲ್ಲಿದಂತೆ ಕೂತಿದ್ದರು. ಬಾಲು ನೆಲಕ್ಕೆ ಬಡಿದು ಮೇಲೆದ್ದ ಮೇಲೆ ಅದರ ಸದ್ದು ನಿಧಾನವಾಗಿ ಕಿವಿಗೆ ಬರುತ್ತಿತ್ತು.

"ಏನ್ ನಡೀತೈತೆ?" ಎಂದು ಓಬಳಪ್ಪ ಕೇಳಿದ.

ಹನುಮಕ್ಕ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು. "ಹತ್ತು ಜನ ಓಡಾಡ್ತಿದಾರೆ. ಯಾರು ಯಾರಂತ ಗೊತ್ತಾಗ್ತಿಲ್ಲ. ಬೆವರೇ ಕಾಣ್ಸಲ್ಲ ಕಣಯ್ಯ."

ಓಬಳಪ್ಪ ತಾನು ಕೂತಿದ್ದ ಕಲ್ಲಿನ ಮೇಲೆ ಅಂಗೈ ಊರಿದ. ಕೆಳಗೆ ಎಲ್ಲೋ ಚಪ್ಪಾಳೆಯಾಯಿತು. ಕಲ್ಲು ಏನೂ ಹೇಳಲಿಲ್ಲ. ಅರ್ಧ ಆಟಕ್ಕೇ ಇಬ್ಬರೂ ಎದ್ದು ಬಂದರು. ದಾರಿಯುದ್ದಕ್ಕೂ ಹೇಳಲು ಅವಳ ಹತ್ತಿರ ಏನೂ ಇರಲಿಲ್ಲ, ಅದರಿಂದ ಅವನಿಗೆ ಎಲ್ಲಕ್ಕಿಂತ ಜಾಸ್ತಿ ನೋವಾಯಿತು. ತನ್ನ ಕಂಬ, ಹಗ್ಗಗಳ ಕಾಲ ಮುಗಿಯಿತು ಎಂದುಕೊಂಡ.

ಮೂರು ವರ್ಷ ಟೂರ್ನಮೆಂಟು ಅಲ್ಲೇ ನಡೆಯಿತು. ಎರಡನೇ ವರ್ಷ ಎರಡು ಸಾವಿರ ಜನ ಬಂದರು, ಮೂರನೇ ವರ್ಷ ಎಷ್ಟು ಬಂದರೆಂದು ಕ್ಲಬ್ಬಿನವರು ಯಾರಿಗೂ ಹೇಳಲಿಲ್ಲ. ರೈಲ್ವೆ ತಂಡದ ನಾಯಕನೇ ಒಂದು ದಿನ ಬಂದು, "ಸಾರ್, ಅಲ್ಲಿ ಆಡಿದ್ರೆ ಪ್ರಾಕ್ಟೀಸ್ ಆಡ್ದಂಗಿರುತ್ತೆ. ಮೈ ಬಿಸಿನೇ ಆಗಲ್ಲ" ಎಂದ. ಚಕ್ರಪಾಣಿಯವರು ತಪ್ಪಾಯಿತೆಂದು ಬಾಯಿಬಿಟ್ಟು ಹೇಳುವವರಲ್ಲ. ಎಂಬತ್ತೆರಡರಲ್ಲಿ, "ಈ ಸಲ ಹಳೇ ಜಾಗದಲ್ಲೇ ನೋಡೋಣ" ಎಂದರು. ಅವರ ಮಟ್ಟಿಗೆ ಅದೇ ದೊಡ್ಡ ಮಾತು.

ಆದರೆ ಅಷ್ಟರಲ್ಲಿ ಕಾಲ ಬದಲಾಗಿತ್ತು. ಆ ವರ್ಷ ಬೇರೊಂದು ಊರಿನಲ್ಲಿ ಕುಸ್ತಿ ನೋಡುವಾಗ ಹಗ್ಗದ ಗ್ಯಾಲರಿ ಬಿದ್ದು ಜನರ ಕೈಕಾಲು ಮುರಿದಿತ್ತು. ಪರವಾನಗಿ ಕೊಡುವ ಮುನ್ನ ಪರೀಕ್ಷೆ ಮಾಡಲು ಮುನಿರಾಮಪ್ಪ ಎಂಬ ಎಂಜಿನಿಯರು ಬರುತ್ತಾರೆಂದು ಕಾಗದ ಬಂತು. ಒಂದು ಕಡೆಯ ಗ್ಯಾಲರಿಯಲ್ಲಿ ಇನ್ನೂರು ಜನ ಕೂತು ಕುಣಿಯಬೇಕು. ತಡೆದರೆ ಸರಿ. ಇಲ್ಲದಿದ್ದರೆ ಇನ್ನು ಮುಂದೆ ಯಾವ ವರ್ಷವೂ ಆ ಅಂಗಳದಲ್ಲಿ ಹಗ್ಗದ ಗ್ಯಾಲರಿ ಇಲ್ಲ, ಪಂದ್ಯಗಳು ಮತ್ತೆ ದೊಡ್ಡ ಕ್ರೀಡಾಂಗಣಕ್ಕೇ.

ಓಬಳಪ್ಪ ಹಳೆಯ ಕಂಬಗಳನ್ನು ಹೊತ್ತು ತಂದ. ಕಟ್ಟುವ ದಿನ ಚಕ್ರಪಾಣಿಯವರು ಕಾರಿನಲ್ಲಿ ಒಂದು ದೊಡ್ಡ ಸುರುಳಿ ನೈಲಾನ್ ಹಗ್ಗ ತಂದಿಳಿಸಿದರು. "ಇದು ಹರಿಯೋದೇ ಇಲ್ಲ ಓಬಳಪ್ಪ. ನಿನಗೇ ಅಂತ ಹುಡುಕಿ ತಂದೆ." ಓಬಳಪ್ಪ ಹಗ್ಗವನ್ನು ಬೆರಳಲ್ಲಿ ಉಜ್ಜಿ ನೋಡಿದ. ನುಣುಪಾಗಿತ್ತು, ಅವನ ಮನಸ್ಸು ಒಪ್ಪಲಿಲ್ಲ. ಆದರೆ ಮೂರು ವರ್ಷದ ಮೇಲೆ ಕರೆಸಿಕೊಂಡ ಮನುಷ್ಯ ಪ್ರೀತಿಯಿಂದ ತಂದದ್ದನ್ನು ಬೇಡ ಎನ್ನುವುದು ಹೇಗೆ? ನಮ್ಮ ಕಡೆಯವರನ್ನು ಕೆಡಿಸುವುದೇ ಈ ದಾಕ್ಷಿಣ್ಯ. ಅವನು ಎಲ್ಲ ಕಡೆ ನಾರಿನ ಹಗ್ಗದಲ್ಲೇ ಕಟ್ಟಿ, ಅಧ್ಯಕ್ಷರ ಮನಸ್ಸು ನೋಯದಿರಲೆಂದು ಎಡ ಮೂಲೆಯೊಂದಕ್ಕೆ ಮಾತ್ರ ನೈಲಾನ್ ಸುತ್ತಿದ.

ಪರೀಕ್ಷೆಯ ದಿನ ಓಕಳಿಪುರಂನ ಹದಿನಾಲ್ಕು ಮಂದಿ ಎಂದಿನಂತೆ ಮೊದಲು ಹತ್ತಿ ಏಳನೇ ಸಾಲಿನಲ್ಲಿ ಕೂತರು. ಇನ್ನುಳಿದವರಿಗೆ ಎಲ್ಲಿ ಹೋಗುವುದು? ಚಾಮರಾಜಪೇಟೆಯ ಜನ ಕಾಂಪೌಂಡಿನ ಬಳಿ ಗುಂಪುಕಟ್ಟಿ ನಿಂತಿದ್ದರು. ಕುಸ್ತಿಯ ಸುದ್ದಿ ಎಲ್ಲರೂ ಪೇಪರಿನಲ್ಲಿ ಓದಿದ್ದವರೇ. ಆಗ ಬದರೀನಾರಾಯಣ ಮೇಷ್ಟ್ರು ಎಪ್ಪತ್ತು ದಾಟಿದ ತಮ್ಮ ತಾಯಿ ಭಾಗೀರಥಮ್ಮನವರ ಕೈ ಹಿಡಿದು ತಂದು ಮೊದಲ ಸಾಲಿನಲ್ಲಿ ಕೂರಿಸಿದರು. ಅಷ್ಟು ಕಂಡದ್ದೇ ತಡ, ಮನೆಮನೆಯವರೂ ಬಂದರು. ಚಕ್ರಪಾಣಿಯವರು ಕಾರಿನ ಬಳಿ ಸ್ವಲ್ಪ ಹೊತ್ತು ನಿಂತೇ ಇದ್ದರು. ಹನುಮಕ್ಕ ಮೇಲಿನಿಂದ ಸರಿದು ಜಾಗ ಮಾಡಿ, "ಬನ್ನಿ ಸ್ವಾಮಿ, ಅಮ್ಮಾವ್ರನ್ನೂ ಕರ್ಕೊಂಡ್ ಬನ್ನಿ. ಇಲ್ಲಿಂದ ಚೆನ್ನಾಗಿ ಕಾಣ್ಸುತ್ತೆ" ಎಂದಳು. ಅವರು ಹೆಂಡತಿ ಆಂಡಾಳ್ ಅವರ ಜೊತೆ ಹತ್ತಿ ಅವಳ ಪಕ್ಕ ಕೂತರು.

ಓಬಳಪ್ಪ ಕೆಳಗಿದ್ದ. ಮುನಿರಾಮಪ್ಪ ಕೈ ಎತ್ತಿದರು. ಇನ್ನೂರು ಜನ ಕುಣಿದರು. ಗ್ಯಾಲರಿ ತಡೆಯಿತು. ಇನ್ನೊಮ್ಮೆ ಕುಣಿದರು. ಎಡ ಮೂಲೆಯ ಕಂಬ ಓಬಳಪ್ಪನ ಅಂಗೈಯೊಳಗೆ ಒಂದು ಬೆರಳಿನಷ್ಟು ಜಾರಿತು. ಮೇಲೆ ಕೂತ ಯಾರಿಗೂ ಅದು ತಿಳಿಯಲಿಲ್ಲ. ಎಲ್ಲರೂ ನಗುತ್ತಿದ್ದರು. ಎಂಜಿನಿಯರು ಜೇಬಿನಿಂದ ಪೆನ್ನು ತೆಗೆದದ್ದು ಹಲಗೆಗಳ ಸಂದಿಯಿಂದ ಅವನಿಗೆ ಕಾಣುತ್ತಿತ್ತು. ಸುಮ್ಮನಿದ್ದರೆ ಸಹಿ ಬೀಳುತ್ತಿತ್ತು, ಗಂಟನ್ನು ಆಮೇಲೆ ಯಾರಿಗೂ ಹೇಳದೆ ಬಿಗಿದುಕೊಳ್ಳಬಹುದಿತ್ತು. ನಮ್ಮಲ್ಲಿ ನೂರಕ್ಕೆ ತೊಂಬತ್ತು ಮಂದಿ ಹಾಗೇ ಮಾಡುತ್ತಿದ್ದೆವು. ಮುಂದಿನ ಕುಣಿತಕ್ಕೆ ಏನಾಗುವುದೋ ಎಂದು ಯೋಚಿಸುವ ಹೊತ್ತಿಗೇ ಅವನು ಈಚೆ ಬಂದು ನಿಂತಿದ್ದ.

"ಎಲ್ಲಾರೂ ಇಳೀರಿ. ಮೆತ್ತಗೆ. ಮೇಲಿನ ಸಾಲಿನೋರು ಮೊದಲು."

"ಏನಯ್ಯ, ನಿಂತೇ ಇದೆಯಲ್ಲ ನಿನ್ನ ಗ್ಯಾಲರಿ" ಎಂದರು ಮುನಿರಾಮಪ್ಪ.

"ಇವತ್ತು ನಿಂತೈತೆ ಸ್ವಾಮಿ. ಎಡಗಡೆ ಕಂಬ ಒಂದ್ ಬೆರಳು ಜಾರೈತೆ. ಹಗ್ಗ ಹರಿದಿಲ್ಲ, ಆದ್ರೆ ಕಂಬಾನ ಹಿಡ್ಕೊಂಡಿಲ್ಲ. ನಾನೇ ತಪ್ಪು ಕಟ್ಟಿದ್ದು."

ಜನ ಇಳಿದರು. ಮುನಿರಾಮಪ್ಪ ಬಗ್ಗಿ ಗ್ಯಾಲರಿಯ ಕೆಳಗೆ ಹೋಗಿ ನೋಡಿದರು. ಕಂಬದ ಮೇಲೆ ಹಗ್ಗ ಉಜ್ಜಿದ ಗುರುತು ಸರಿಯಾಗಿ ಒಂದು ಬೆರಳಿನಷ್ಟಿತ್ತು. ಅವರು ಈಚೆ ಬರುವ ಹೊತ್ತಿಗೆ ಚಕ್ರಪಾಣಿಯವರು ಓಬಳಪ್ಪನ ಪಕ್ಕಕ್ಕೆ ಬಂದು ನಿಂತಿದ್ದರು. "ಅವನು ತಪ್ಪು ಕಟ್ಟಿಲ್ಲ. ಆ ಹಗ್ಗ ತಂದು ಕೊಟ್ಟಿದ್ದು ನಾನು" ಎಂದರು. ಬಾಯಿಬಿಟ್ಟು ತಪ್ಪೊಪ್ಪಿಕೊಳ್ಳದ ಮನುಷ್ಯ ಅಂದು ಇನ್ನೂರು ಜನರ ಮುಂದೆ ಒಪ್ಪಿಕೊಂಡರು.

ಮುನಿರಾಮಪ್ಪ ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡು ಓಬಳಪ್ಪನ ಕಡೆ ತಿರುಗಿದರು. "ಇವತ್ತು ಸಹಿ ಹಾಕಲ್ಲ. ನಾಡಿದ್ದು ಬರ್ತೀನಿ. ಅಷ್ಟರೊಳಗೆ ನಿಮಗೆ ಸರಿ ಅನ್ನಿಸೋ ಹಾಗೆ ಕಟ್ಟಿ." ಬಂದಾಗ ಏನಯ್ಯ ಎಂದಿದ್ದವರು ಹೋಗುವಾಗ ನಿಮಗೆ ಎಂದದ್ದನ್ನು ಮೇಷ್ಟ್ರು ಬಹಳ ವರ್ಷ ಹೇಳಿಕೊಂಡು ತಿರುಗಿದರು.

ಸಿಟಿ ಮಾರ್ಕೆಟ್ಟಿನಿಂದ ನಾರಿನ ಹಗ್ಗ ತಂದವರು ಚಕ್ರಪಾಣಿಯವರೇ. ಅದನ್ನು ತೊಟ್ಟಿಯ ನೀರಿನಲ್ಲಿ ಅದ್ದಿದವರೂ ಅವರೇ, ಪ್ಯಾಂಟು ಮಂಡಿಯವರೆಗೆ ಮಡಚಿಕೊಂಡು. ಮೂರನೇ ದಿನ ಬಂದ ಮುನಿರಾಮಪ್ಪ ಯಾರನ್ನೂ ಕುಣಿಯಲು ಹೇಳುವ ಮೊದಲು ತಾವೇ ಏಳನೇ ಸಾಲಿಗೆ ಹತ್ತಿ ಕೂತು ಕೋರ್ಟನ್ನು ಒಮ್ಮೆ ನೋಡಿದರು. ಆಮೇಲೆ ಇನ್ನೂರು ಜನರ ನಡುವೆ ತಾವೂ ಕುಣಿದರು. ಪರವಾನಗಿಗೆ ಅಲ್ಲೇ, ತೊಡೆಯ ಮೇಲೆ ಕಾಗದ ಇಟ್ಟುಕೊಂಡು ಸಹಿ ಹಾಕಿದರು.

ಫೈನಲ್ ಪಂದ್ಯ ರೈಲ್ವೆಗೂ ಒಂದು ಬ್ಯಾಂಕಿಗೂ ಬಿತ್ತು. ಎಂಟುನೂರು ಜನರ ಜಾಗದಲ್ಲಿ ಸೂಜಿ ಊರಲೂ ಎಡೆಯಿರಲಿಲ್ಲ, ಹೊಂಗೆಮರಗಳ ಮೇಲೂ ಜನ. ಓಬಳಪ್ಪ ಎಂದಿನಂತೆ ಎಲ್ಲರ ಮುಂದೆ ನಿಂತು, ಎದ್ದು ಕುಣೀಬೇಡಿ ಎಂದು ಹೇಳಿ ಕೆಳಗೆ ನುಸುಳಲು ಹೊರಟರೆ ಹನುಮಕ್ಕ ಅಲ್ಲಿ ಅಡ್ಡ ನಿಂತಿದ್ದಳು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು.

"ಇವತ್ತು ನೀನು ಮೇಲೆ ಕೂತ್ಕೋ. ಕೆಳಗೆ ನಾನಿರ್ತೀನಿ."

"ನಿಂಗೇನ್ ಗೊತ್ತಾಗುತ್ತೆ?"

"ಇಪ್ಪತ್ತು ವರ್ಷದಿಂದ ದಾರ ಬಿಗಿಯೋಳು ಕಣಯ್ಯ ನಾನು. ಸಡಿಲ ಆದ್ರೆ ಗೊತ್ತಾಗಲ್ವಾ? ಹೋಗು, ನನ್ನ ಜಾಗ ಖಾಲಿ ಐತೆ."

ಅವನು ಹತ್ತಿದ. ತನ್ನ ಕೈಯಾರೆ ಕಟ್ಟಿದ ಏಳು ಸಾಲನ್ನು ಆಟದ ಹೊತ್ತಿನಲ್ಲಿ ಹತ್ತಿದ್ದು ಅದೇ ಮೊದಲು. ಸೀಟಿ ಊದಿತು. ಒಂಬತ್ತು ವರ್ಷ ಅವನು ತಲೆಯ ಮೇಲೆ ಕೇಳಿದ್ದೆಲ್ಲ ಈಗ ಕಣ್ಣ ಮುಂದೆ ನಡೆಯತೊಡಗಿತು. ಬೆನ್ನಿಗೆ ಅಂಟಿದ ಬನಿಯನ್ ಕಂಡ, ಕೋಚ್ ಹಲ್ಲು ಕಚ್ಚಿ ಬೈದದ್ದು ಕೇಳಿದ, ಬಾಲು ಒಬ್ಬನ ಬೆರಳಿನ ತುದಿಯಿಂದ ಹೊರಟು ಬಲೆಯಲ್ಲಿ ಸರ್ರನೆ ಇಳಿದದ್ದು ಕಂಡ. ಆದರೂ ಮೊದಲ ಹತ್ತು ನಿಮಿಷ ಅವನ ಒಂದು ಕಣ್ಣು ಹಲಗೆಗಳ ಮೇಲೇ ಇತ್ತು. ಆಮೇಲೆ ಹಲಗೆ ಮರೆತುಹೋಯಿತು. ಕಡೆಯ ನಿಮಿಷದಲ್ಲಿ ಬ್ಯಾಂಕಿನವರು ಒಂದೇ ಒಂದು ಪಾಯಿಂಟಿನಿಂದ ಮುಂದಿದ್ದರು. ರೈಲ್ವೆಯ ಉದ್ದನೆಯ ಆಟಗಾರನೊಬ್ಬ ಎಡ ಮೂಲೆಯಿಂದ ಎಸೆದ. ಬಾಲು ರಿಂಗಿನ ಮೇಲೆ ಎರಡು ಸುತ್ತು ಸುತ್ತಿ, ಬೀಳಲೋ ಬೇಡವೋ ಎಂದು ಯೋಚಿಸಿ, ಒಳಗೆ ಬಿತ್ತು. ಆಮೇಲೆ ಏನಾಯಿತೋ ಅವನಿಗೆ ತಿಳಿಯಲಿಲ್ಲ. ಪಕ್ಕದಲ್ಲಿ ಚಕ್ರಪಾಣಿಯವರು ಅವನ ಭುಜ ಹಿಡಿದು ಅಲ್ಲಾಡಿಸುತ್ತಿದ್ದರು.

ಜನ ಇಳಿದು ಹೋದ ಮೇಲೆ ಅವನು ಬಗ್ಗಿ ಗ್ಯಾಲರಿಯ ಕೆಳಗೆ ಹೋದ. ಹನುಮಕ್ಕ ಕಂಬಕ್ಕೆ ಒರಗಿ ಕುಕ್ಕರಗಾಲಿನಲ್ಲಿ ಕೂತಿದ್ದಳು, ತಲೆಯ ತುಂಬಾ ಧೂಳು.

"ಯಾರು ಗೆದ್ರು ಗೊತ್ತಾಯ್ತಾ?" ಎಂದು ಕೇಳಿದ. ಆಟ ಹೇಳುವ ಸರದಿ ಈ ಸಲ ತನ್ನದೆಂದು ಅವನಿಗೆ ಹಿಗ್ಗು.

"ರೈಲ್ವೇನೋರು. ಎಡಗಡೆ ಹಲಗೆ ಎಲ್ಲಾ ಒಟ್ಟಿಗೆ ಕುಸೀತಲ್ಲ. ಅದಿರ್ಲಿ, ಬಾಲು ಬೀಳೋಕೆ ಮುಂಚೇನೇ ಏಳನೇ ಸಾಲಲ್ಲಿ ಒಬ್ಬ ಎದ್ದು ಕುಣೀತಿದ್ದ."

"ಯಾವನವನು? ಅಷ್ಟು ಹೇಳಿದೀನಿ ಎದ್ದು ಕುಣೀಬೇಡಿ ಅಂತ."

"ಹದಿನೆಂಟು ವರ್ಷದಿಂದ ಮನೇಲಿ ಓಡಾಡೋ ಕಾಲು" ಎಂದಳು ಹನುಮಕ್ಕ. "ನಂಗೆ ಗೊತ್ತಾಗಲ್ವಾ?"

ಓಬಳಪ್ಪ ತಾನು ಕುಣಿದ ಹಲಗೆಯ ಕೆಳಗಿನ ಗಂಟನ್ನು ಕತ್ತಲಲ್ಲಿ ತಡವಿ ಹುಡುಕಿದ. ಗಂಟು ಒಂದು ಎಳೆಯೂ ಕದಲಿರಲಿಲ್ಲ. ಅದರ ಮೇಲೆ ಅವಳ ಕೈ ಇನ್ನೂ ಇತ್ತು.